ಮಹಡಿಯ ಮೇಲಿನ ಹಪ್ಪಳ

ಬಾಡಿಗೆ ಬರುವ ಮನೆಯೊಂದಿದ್ದರೆ ಮುಪ್ಪಿನಲ್ಲಿ ಯಾರ ಮುಂದೂ ಕೈಯೊಡ್ಡಬೇಕಿಲ್ಲ ಎಂಬ ಮಾತು ನಿಮ್ಮ ಮನೆಯಲ್ಲೂ ಬಂದಿರುತ್ತದಲ್ಲವೇ? ನಿವೃತ್ತಿಯ ಹಣ ಕೈಸೇರಿದ ದಿನದಿಂದ ನಮ್ಮ ಭಾವನವರ ಬಾಯಲ್ಲಿ ಅದೇ ಮಾತು. ಕೊನೆಗೆ ಯಲಹಂಕದ ಕಡೆ ಎರಡಂತಸ್ತಿನ ಮನೆಯೊಂದು ಸಿಕ್ಕಿತು. ಬೆಲೆ 1 ಕೋಟಿ 20 ಲಕ್ಷ. ಎರಡೂ ಮನೆಯಿಂದ ತಿಂಗಳಿಗೆ 32,000 ಬರುತ್ತದೆಂದು ಬ್ರೋಕರ್ ಹೇಳಿದ್ದ.

ಅಕ್ಕ ಮಾತ್ರ ಕ್ಯಾಲೆಂಡರಿನ ಹಿಂಬದಿ ಲೆಕ್ಕ ಹಾಕಿದಳು. ವರ್ಷಕ್ಕೆ 3,84,000, ಅಂದರೆ ನೂರಕ್ಕೆ ಮೂರು ಚಿಲ್ಲರೆ. ಕಂದಾಯ, ಸುಣ್ಣಬಣ್ಣ, ಮನೆ ಖಾಲಿ ಬಿದ್ದ ಒಂದು ತಿಂಗಳು, ಇಷ್ಟು ಕಳೆದರೆ ಮೂರೂ ಉಳಿಯಲಿಲ್ಲ. "ಬ್ಯಾಂಕಿನಲ್ಲಿಟ್ಟರೆ ಇದಕ್ಕಿಂತ ಜಾಸ್ತಿ ಬರುತ್ತಲ್ರೀ" ಅಂದಳು. ಜಾಗದ ಬೆಲೆ ಏರುತ್ತದೆ ಅನ್ನುವುದು ಭಾವನವರ ವಾದ. ಇಬ್ಬರದೂ ಸರಿಯೇ.

ಕಾಗದಗಳೆಲ್ಲ ಚೊಕ್ಕವಾಗಿದ್ದವು. ಮದರ್ ಡೀಡ್‌ನಿಂದ ಈಗಿನ ಕ್ರಯಪತ್ರದವರೆಗೆ ಕೊಂಡಿ ತಪ್ಪಿರಲಿಲ್ಲ, ಖಾತಾ ಮಾರುವವರ ಹೆಸರಿನಲ್ಲೇ ಇತ್ತು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಸಿಗುವ ಋಣಭಾರ ಪತ್ರ (ಇಸಿ) 2004ರಿಂದ ಈಚಿನದು. ಅದರ ಹಿಂದಿನದನ್ನೂ ಭಾವನವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆದು ತೆಗೆಸಿದರು. ಸಾಲವಿಲ್ಲ, ಅಡಮಾನವಿಲ್ಲ. ಇನ್ನೇನು, ಮುಂಗಡ ಕೊಡುವುದೊಂದೇ ಬಾಕಿ.

ನೀರು ನೋಡೋಣವೆಂದು ನಾನು ಮಹಡಿ ಹತ್ತಿದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಬೆಂಗಳೂರು ಟ್ಯಾಂಕರಿಗೆ ಕಾದದ್ದು ಮರೆಯುವಂಥದ್ದೇ? ಅಂದಿನಿಂದ ಯಾವ ಮನೆಗೆ ಹೋದರೂ ನಾನು ಮೊದಲು ನೋಡುವುದು ನೀರಿನ ಟ್ಯಾಂಕು. ಮೇಲೆ ಹೋದರೆ ಹಳೇ ಸೀರೆಯ ತುಂಬ ಹಪ್ಪಳ! ಉದ್ದಿನದು, ಮೆಣಸು ಜಜ್ಜಿ ಹಾಕಿದ್ದು, ಅಂಚು ಆಗಲೇ ಒಣಗಿ ಮೇಲೆದ್ದಿತ್ತು. ನಮ್ಮಮ್ಮ ಹೀಗೆ ಒಣಹಾಕಿದಾಗ ಕಾಗೆ ಓಡಿಸುವ ಕೆಲಸ ನನ್ನದೇ. ಅರ್ಧ ಒಣಗಿದ ಹಪ್ಪಳದ ರುಚಿ ಬಲ್ಲಿರಾ? ಕರಿದದ್ದಕ್ಕೆ ಅದು ಬರುವುದಿಲ್ಲ.

ಹಪ್ಪಳ ಮಗುಚುತ್ತಿದ್ದವರು ಕೆಳಮನೆಯವರು. "ಕಾವೇರಿ ನೀರು ದಿನಾ ಬರುತ್ತಾಮ್ಮ?" ಅಂದೆ. "ದಿನ ಬಿಟ್ಟು ದಿನ ಸಾರ್, ಬೆಳಗಿನ ಜಾವ. ಬೋರು ನಿಂತು ಎರಡು ವರ್ಷ ಆಯ್ತು." ಬಾಡಿಗೆ ಎಷ್ಟೆಂದು ಕೇಳಿದೆ. "ಬಾಡಿಗೆ ಎಲ್ಲಿ ಸಾರ್, ನಾವು ಭೋಗ್ಯಕ್ಕಿರೋದು. ಎಂಟು ಲಕ್ಷ ಕೊಟ್ಟಿದ್ದೀವಿ. ಮಗಳ ಮದುವೇದು."

ಭೋಗ್ಯ ನಿಮಗೆ ಗೊತ್ತಿರುವುದೇ. ಇಡಿಗಂಟು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡೋ ಮೂರೋ ವರ್ಷ ಇದ್ದು, ಹೋಗುವಾಗ ಗಂಟು ವಾಪಸು ಪಡೆಯುವುದು. ಒಂದು ವರ್ಷ ಮೀರಿದರೆ ನೋಂದಣಿಯಾಗಬೇಕು. ಆದರೆ ಎಷ್ಟೋ ಕರಾರು ಸ್ಟಾಂಪ್ ಪೇಪರಿನಲ್ಲೇ ಮುಗಿಯುತ್ತವೆ. ನೋಂದಣಿಯಾಗದ್ದು ಇಸಿಗೆ ಬರುವುದಾದರೂ ಹೇಗೆ? ಇತ್ತ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ, ಸ್ವತ್ತಿನಲ್ಲಿ ವಾಸವಿರುವವರ ಹಕ್ಕು ಕೊಳ್ಳುವವನಿಗೆ ಗೊತ್ತಿತ್ತೆಂದೇ ಲೆಕ್ಕ. ಕೇಳಲಿಲ್ಲ, ಗೊತ್ತಾಗಲಿಲ್ಲ ಅಂದರೆ ನಡೆಯುವುದಿಲ್ಲ. ಆ 32,000ದಲ್ಲಿ ಕೆಳಮನೆಯ ಪಾಲು ಬರೀ ಬಾಯಿಮಾತು. ಮೇಲೆ ಎಂಟು ಲಕ್ಷದ ಹೊರೆ.

ಭಾವನವರ ಮುಖ ಬಾಡಿತು. ನನಗೆ ಮಾತ್ರ ಆಕೆಯ ದುಡ್ಡಿನದೇ ಯೋಚನೆ. ಮನೆ ಕೈಬದಲಾದರೆ ಆ ಗಂಟನ್ನು ಅವರು ಯಾರನ್ನು ಕೇಳಬೇಕು? ಮಾರುವವರ ಮುಂದೆ ಕೂತು ಎರಡು ಸಂಜೆ ಮಾತಾಡಿದೆವು. ಬೆಲೆಯಲ್ಲಿ ಎಂಟು ಲಕ್ಷ ಹಿಡಿದಿಟ್ಟು, ಅದನ್ನು ಅವಧಿ ಮುಗಿದಾಗ ಭಾವನವರೇ ಆಕೆಗೆ ಕೊಡುವುದೆಂದು ಮೂವರ ಸಹಿಯೊಂದಿಗೆ ಬರೆದಾಯಿತು. ಬೋರು ನಿಂತದ್ದಕ್ಕೆ ಇನ್ನಷ್ಟು ಇಳಿಯಿತು.

ರಿಜಿಸ್ಟರ್ ಆದ ದಿನ ಆಕೆ ಪೇಪರಿನಲ್ಲಿ ಸುತ್ತಿ ಎರಡು ಡಜನ್ ಹಪ್ಪಳ ಕೊಟ್ಟರು. ಅಕ್ಕ ಅಂದೇ ಕರಿದಳು. ಮೆಣಸು ಸ್ವಲ್ಪ ಮುಂದಾಗಿತ್ತು.