ಗೋಕರ್ಣದಲ್ಲಿ ಕಡೆಯ ದಿನ

ಕಡೇಚೂರಿನಂತಹ ಬಯಲುಸೀಮೆಯ ಊರಿನವರಿಗೆ ಸಮುದ್ರವೆಂದರೆ ಭೂಪಟದ ಅಂಚಿನಲ್ಲಿರುವ ನೀಲಿಬಣ್ಣ. ಅದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ನಮ್ಮ ಅವ್ವನಿಗೆ ಬಹುಕಾಲದಿಂದ ಇತ್ತು. ತಂದೆಯವರು ತೀರಿಕೊಂಡ ಮರುವರ್ಷ, 1994ರ ಬೇಸಿಗೆ ರಜೆಯಲ್ಲಿ, ಅವ್ವ, ತಮ್ಮನ ಸಂಸಾರ, ನಮ್ಮ ಮಕ್ಕಳು ಎಲ್ಲರೂ ಕೂಡಿ ರಾಯಚೂರು, ಹುಬ್ಬಳ್ಳಿ, ಅಂಕೋಲೆಗಳ ಮಾರ್ಗವಾಗಿ ಗೋಕರ್ಣಕ್ಕೆ ಹೋದೆವು.

ಮೂರು ದಿನಗಳು ಮಹಾಬಲೇಶ್ವರನ ದರ್ಶನ, ಕೋಟಿತೀರ್ಥ, ಓಂ ಕಡಲತೀರ ಎಂದು ಕಳೆದುಹೋದವು. ನಾನು ಇಲ್ಲಿ ಬರೆಯಬೇಕೆಂದಿರುವುದು ನಾಲ್ಕನೆಯ ದಿನದ ಮಾತನ್ನು. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿತ್ತು. ಸಾಣಿಕಟ್ಟೆಯ ಆಗರಗಳ ಉಪ್ಪನ್ನು ನನ್ನಾಕೆ ಗಂಟು ಕಟ್ಟಿಟ್ಟಿದ್ದಳು. ಮಕ್ಕಳು ಚಿಪ್ಪುಗಳನ್ನು ಪಾಲು ಹಂಚಿಕೊಳ್ಳುತ್ತ ಜಗಳವಾಡುತ್ತಿದ್ದರು. ಅವ್ವ ಮಾತ್ರ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ನಾನು ಬಳಿಗೆ ಹೋದಾಗ ಕೇಳಿದಳು:

"ತಮ್ಮಾ, ನಮ್ಮ ಕಡಿ ನೀರು ಇಲ್ಲಿಗೇ ಬಂದು ಕೂಡತಾವಲ್ಲ?"

ತಂದೆಯವರ ಅಸ್ಥಿಯನ್ನು ನಾವು ದೇವಸೂಗೂರಿನ ಬಳಿ ಕೃಷ್ಣೆಯಲ್ಲಿ ವಿಸರ್ಜಿಸಿದ್ದೆವು. ಅವಳು ಮೂರು ದಿನವೂ ಏಕೆ ಮುಂಜಾನೆ ಎದ್ದು ದಂಡೆಗೆ ಬರುತ್ತಿದ್ದಳೆಂಬುದು ನನಗೆ ಆಗ ತಿಳಿಯಿತು.

ಹೌದೆಂದುಬಿಡುವುದು ಸುಲಭವಿತ್ತು. ಆದರೆ ನದಿಗಳ ಪಾಠ ಹೇಳುವವನ ಬಾಯಿಗೆ ಆ ಮಾತು ಬರಲಿಲ್ಲ. ಕೃಷ್ಣೆ ಹುಟ್ಟುವುದು ಸಾತಾರಾ ಜಿಲ್ಲೆಯ ಇನ್ನೊಂದು ಮಹಾಬಲೇಶ್ವರದಲ್ಲಿ. ಪಶ್ಚಿಮ ಸಮುದ್ರದಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿ. ಆದರೂ ಪ್ರಸ್ಥಭೂಮಿಯ ಇಳಿಜಾರು ಪೂರ್ವಕ್ಕಿರುವುದರಿಂದ ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ಭೀಮೆಯನ್ನು ಕೂಡಿಸಿಕೊಂಡು, ಶ್ರೀಶೈಲ, ವಿಜಯವಾಡಗಳನ್ನು ಹಾದು, ಒಟ್ಟು 1400 ಕಿಲೋಮೀಟರ್ ಹರಿದು ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಗೋಕರ್ಣದ ಆಚೀಚೆ ಕಡಲು ಸೇರುವವು ಗಂಗಾವಳಿ ಮತ್ತು ಅಘನಾಶಿನಿ. ಇದನ್ನೆಲ್ಲ ಮೆಲ್ಲಗೆ ಹೇಳಿದೆ.

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಸಮುದ್ರಕ್ಕೂ ಈ ಸಮುದ್ರಕ್ಕೂ ನಡಕ ಗ್ವಾಡಿ ಅದೇನು?" ಎಂದಳು.

"ಇಲ್ಲವ್ವಾ. ದಕ್ಷಿಣಕ್ಕೆ ಹೋದರ ಎರಡೂ ಕೂಡತಾವ."

"ಹಂಗಾದ್ರ ಸಾಕು ಬಿಡು" ಎಂದು ಬಾಗಿ, ಬೊಗಸೆ ನೀರನ್ನು ಎತ್ತಿ, ಮತ್ತೆ ಕಡಲಿಗೇ ಬಿಟ್ಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಮೊಮ್ಮಕ್ಕಳಿಗೆ ಚುರುಮುರಿ ಹಂಚಿದಳು.

2003ರಲ್ಲಿ ಅವಳು ತೀರಿಕೊಂಡಾಗ ಅಸ್ಥಿಯನ್ನು ಗೋಕರ್ಣಕ್ಕೆ ಒಯ್ಯೋಣವೆಂದು ಕೆಲವು ಬಂಧುಗಳು ಸೂಚಿಸಿದರು. ತಮ್ಮನೂ ನಾನೂ ಒಪ್ಪದೆ ದೇವಸೂಗೂರಿಗೇ ಹೋದೆವು. ತಂದೆಯವರು ಹೋದ ದಾರಿ ಅದೇ ಆಗಿತ್ತು.

ನನ್ನ ವಿದ್ಯಾರ್ಥಿಗಳಾಗಿದ್ದವರಿಗೆ ನೆನಪಿರಬಹುದು: ಭೂಪಟ ತೂಗುಹಾಕಿದ ದಿನ ಕೃಷ್ಣೆಯ ಗೆರೆಯ ಮೇಲೆ ಕಡಲಿನವರೆಗೂ ಬೆರಳಾಡಿಸದೆ ಯಾರನ್ನೂ ಕೂರಗೊಡುತ್ತಿರಲಿಲ್ಲ. "ಮೇಷ್ಟ್ರೇ, ಪರೀಕ್ಷೆಗೆ ಇದು ಬರತದೇನ್ರಿ?" ಎಂದು ಆಗ ಕೇಳಿದವರಿಗೆ ಇದು ಉತ್ತರ.