ಮೂರು ಅಣಕು ನ್ಯಾಯಾಲಯಗಳು, ಒಂದು ನಿಗ್ರಹಸ್ಥಾನ

ಕಳೆದ ಚಳಿಗಾಲದಲ್ಲಿ ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ಕರಿಯ ಕೋಟು ತೊಟ್ಟ ಇಬ್ಬರು ಹುಡುಗಿಯರು, ಒಬ್ಬ ಹುಡುಗ, ಅವರ ನಡುವೆ ಹಣೆಯ ತುಂಬ ವಿಭೂತಿ ಧರಿಸಿ ಕೈಯಲ್ಲಿ ಬುತ್ತಿಯ ಗಂಟು ಹಿಡಿದ ಒಬ್ಬ ವೃದ್ಧರನ್ನು ಕಂಡವರು, ಇದಾವುದೋ ದೊಡ್ಡ ಮೊಕದ್ದಮೆಗೆ ಸಿಕ್ಕಿಬಿದ್ದ ಕಕ್ಷಿದಾರರೆಂದು ಮರುಗಿರಬಹುದು. ಆ ವೃದ್ಧರು ನಾವೇ. ಮೊಕದ್ದಮೆಯೂ ಇದ್ದಿತು, ಆದರೆ ಅದು ಕಲ್ಪಿತವಾದುದು.

ನಮ್ಮ ತಮ್ಮನ ಮಗಳು ಕೋಲಾರ ಚಿನ್ನದ ಗಣಿ ಪ್ರದೇಶದ ಕೆಂಗಲ್ ಹನುಮಂತಯ್ಯ ಕಾನೂನು ಕಾಲೇಜಿನಲ್ಲಿ ಓದುತ್ತಿದ್ದಾಳೆ. 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದು ವಿಧಾನಸೌಧವನ್ನು ಕಟ್ಟಿಸಿದ ಆ ಮಹನೀಯರೂ ಮೂಲತಃ ವಕೀಲರೇ. ತಮ್ಮನಿಗೆ ಅಂಗಡಿ ಬಿಟ್ಟು ಬರಲಾಗದು. “ದೊಡ್ಡಪ್ಪಾ, ನೀವೇ ಜೊತೆಗೆ ಬನ್ನಿ” ಎಂದಳು. ಒಪ್ಪಿದೆವು. ಅವಳ ತಂಡದಲ್ಲಿ ಇನ್ನಿಬ್ಬರು: ಗ್ರಂಥಾಲಯವನ್ನು ಜಾಲಾಡಿ ತೀರ್ಪುಗಳನ್ನು ಹೆಕ್ಕಿ ತರುವ ಮಾಲೂರಿನ ಹುಡುಗಿ, ಇವಳೊಡನೆ ವಾದಿಸುವ ಚಾಂಪಿಯನ್ ರೀಫ್ಸಿನ ಹುಡುಗ. ಆತನ ಮನೆಮಾತು ತಮಿಳು. ಅಜ್ಜ ಗಣಿಯೊಳಗೆ ಇಳಿದು ದುಡಿದವರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಈ ಹುಡುಗ ಹುಟ್ಟಿಯೇ ಇರಲಿಲ್ಲ. ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಅಜ್ಜಿಯ ಮಡಿಲಲ್ಲಿ ಬೆಳೆದವನು.

ಅಣಕು ನ್ಯಾಯಾಲಯವೆಂದರೇನೆಂದು ಕೇಳುವ ಓದುಗ ಬಂಧುಗಳಿಗಾಗಿ ನಾಲ್ಕು ಮಾತು. ಇದರಲ್ಲಿ ಎರಡು ಬಗೆ. ಮೊದಲನೆಯದು ಮೇಲ್ಮನವಿಯ ಅನುಕರಣೆ. ಘಟನೆಗಳೆಲ್ಲ ಮೊದಲೇ ನಿಶ್ಚಿತವಾಗಿರುತ್ತವೆ, ಸಾಕ್ಷಿಗಳಿಲ್ಲ, ಕಾನೂನಿನ ಪ್ರಶ್ನೆಯಷ್ಟೇ ಉಳಿದಿರುತ್ತದೆ. ಪ್ರತಿ ತಂಡವೂ ಎರಡೂ ಪಕ್ಷಗಳಿಗೆ ಲಿಖಿತ ವಾದ ಸಿದ್ಧಪಡಿಸಿ, ಒಂದು ಸುತ್ತಿನಲ್ಲಿ ಒಂದು ಪಕ್ಷವನ್ನೂ ಇನ್ನೊಂದು ಸುತ್ತಿನಲ್ಲಿ ಎದುರು ಪಕ್ಷವನ್ನೂ ವಹಿಸಬೇಕು. ಎರಡನೆಯದು ವಿಚಾರಣೆಯ ಅನುಕರಣೆ. ಇಲ್ಲಿ ವಿದ್ಯಾರ್ಥಿಗಳೇ ವಕೀಲರು, ವಿದ್ಯಾರ್ಥಿಗಳೇ ಸಾಕ್ಷಿಗಳು. ಮುಖ್ಯ ವಿಚಾರಣೆ, ಪಾಟೀಸವಾಲು ಎಲ್ಲವೂ ಉಂಟು. ನಮ್ಮ ದೇಶದಲ್ಲಿ ಮೊದಲನೆಯದರ ಪ್ರಚಾರವೇ ಅಧಿಕ. 1960ರಲ್ಲಿ ಆರಂಭವಾದ, ಫಿಲಿಪ್ ಜೆಸಪ್ ಎಂಬ ಅಂತರರಾಷ್ಟ್ರೀಯ ನ್ಯಾಯವೇತ್ತರ ಹೆಸರಿನ ಸ್ಪರ್ಧೆಯನ್ನು ನಮ್ಮ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯವರು 1999ರಲ್ಲಿಯೂ 2013ರಲ್ಲಿಯೂ ಗೆದ್ದುಬಂದರು. ಎರಡನೆಯ ಬಗೆ ಅಮೆರಿಕದ ಕಾಲೇಜುಗಳಲ್ಲಿ ಹುಲುಸಾಗಿ ಬೆಳೆದಿದೆ. ಅಲ್ಲಿ 1985ರಲ್ಲಿ ಡ್ರೇಕ್ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿಯೇ ಒಂದು ಸಂಘ ಹುಟ್ಟಿತು. ವರ್ಷಕ್ಕೊಂದು ಕಲ್ಪಿತ ಪ್ರಕರಣವನ್ನು ಹೊರಡಿಸುತ್ತಾರೆ. ಕಾಲೇಜುಗಳು ಒಂದನ್ನೊಂದು ಆಹ್ವಾನಿಸಿ ತಿಂಗಳುಗಟ್ಟಲೆ ಅದನ್ನೇ ಮಥಿಸುತ್ತವೆ. ಋತು ಮುಗಿದ ಮೇಲೆ ಯಾವ ಊರಿನ ಪಂದ್ಯ ಹೇಗಿತ್ತೆಂದು ವಿದ್ಯಾರ್ಥಿಗಳು ತೂಗಿ ನೋಡುತ್ತಾರಂತೆ. ನಮ್ಮಲ್ಲಿಯೂ ಇದು ಬರಿಯ ಆಟವಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪಠ್ಯಕ್ರಮದಲ್ಲಿಯೇ ಮೂರು ಅಣಕು ನ್ಯಾಯಾಲಯಗಳಿವೆ. ಒಂದೊಂದಕ್ಕೆ 10 ಅಂಕ, ಅದರಲ್ಲಿ 5 ಬರಹಕ್ಕೆ, 5 ಮಾತಿಗೆ.

ಇದನ್ನೆಲ್ಲ ಕೇಳಿದಾಗ ನಮಗೆ ನಗು ಬಂದಿತು. ಮಠದ ಪಾಠಶಾಲೆಯಲ್ಲಿ ನಾವು ಬಾಲ್ಯದಿಂದ ಮಾಡಿದ್ದು ಮತ್ತೇನು? ವಾಕ್ಯಾರ್ಥ ಸಭೆಯಲ್ಲಿ ಪೂರ್ವಪಕ್ಷವನ್ನು ನಮ್ಮ ಬಾಯಿಂದಲೇ ಬಲವಾಗಿ ಹೇಳಿಸಿ, ಮರುದಿನ ಅದನ್ನು ನಮ್ಮಿಂದಲೇ ಒಡೆಸುತ್ತಿದ್ದರು. ಸೋತವನೂ ಗೆದ್ದವನೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಬೇಕು. ಗೌತಮರ ನ್ಯಾಯಸೂತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸುತ್ತದೆ. ಸತ್ಯಕ್ಕಾಗಿ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯನ್ನು ಕೆಡಹುವುದಷ್ಟೇ ವಿತಂಡ. ಸೋಲಿಗೆ ಕಾರಣವಾಗುವ ನಿಗ್ರಹಸ್ಥಾನಗಳನ್ನು 22 ಎಂದು ಎಣಿಸಿದ್ದಾರೆ. ಇಷ್ಟನ್ನು ಕಂಠಪಾಠ ಮಾಡಿದ ನಾವು ಈ ಮಕ್ಕಳನ್ನು ತಿದ್ದಬಲ್ಲೆವೆಂದು ಭಾವಿಸಿದುದು ಸಹಜವೇ. ಆ ಭಾವನೆಯ ಫಲವನ್ನು ಮುಂದೆ ಹೇಳುತ್ತೇವೆ.

ಮೊದಲನೆಯ ಸ್ಪರ್ಧೆ 2024ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಒಂದು ಸಿರಿವಂತ ಕಾಲೇಜಿನಲ್ಲಿ. ಪ್ರವೇಶ ಶುಲ್ಕವೇ ಹಲವು ಸಾವಿರ. ಎಲ್ಲವೂ ಇಂಗ್ಲಿಷಿನಲ್ಲಿ. ನಮಗೆ ಅಲ್ಲಿ ಬಿಗುಮಾನವೆನಿಸಿತು. ಆದರೆ ವ್ಯವಸ್ಥೆಯ ಬಗ್ಗೆ ಒಂದು ಕೊಂಕನ್ನೂ ಹೇಳಲಾರೆವು. ತಂಡಕ್ಕೆ ಸಂಖ್ಯೆ ಮಾತ್ರ. ಕಾಲೇಜಿನ ಹೆಸರನ್ನು ಬಾಯಿಬಿಟ್ಟರೆ ದಂಡ. ಹೇಳಿದ ಹೊತ್ತಿಗೆ ಗಂಟೆ ಬಾರಿಸಿತು, ಹೇಳಿದ ಹೊತ್ತಿಗೆ ಮುಗಿಯಿತು. ಪ್ರತಿ ಸುತ್ತಿನ ಅಂಕಪಟ್ಟಿಯನ್ನು ತಂಡಗಳ ಕೈಗೇ ಕೊಟ್ಟರು. ನಮ್ಮವರು ಎರಡನೆಯ ದಿನವೇ ಹೊರಬಿದ್ದರು. ಇವಳು ಒಂದಿಷ್ಟು ನಿಭಾಯಿಸಿದಳು. ಹುಡುಗನು ಮನಸ್ಸಿನಲ್ಲಿ ತಮಿಳಿನಿಂದ ಇಂಗ್ಲಿಷಿಗೆ ದಾಟುವಷ್ಟರಲ್ಲಿ ನ್ಯಾಯಾಧೀಶರು ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದರು. ಸೋಲು ನ್ಯಾಯವಾದುದೇ ಆಗಿತ್ತು. ಮಧ್ಯಾಹ್ನದ ಊಟವನ್ನು ನಿಂತುಕೊಂಡೇ ಮಾಡಬೇಕಾದುದೊಂದು ನಮಗೆ ಒಗ್ಗಲಿಲ್ಲ.

“ಕನ್ನಡದಲ್ಲಿ ನಡೆಯುವ ಸ್ಪರ್ಧೆಯಾದರೆ ನೋಡಿ” ಎಂದು ರೈಲಿನಲ್ಲಿ ನಾವೇ ಮೀಸೆ ತಿರುವಿದೆವು. ಅಂಥದೊಂದು ಜನವರಿಯಲ್ಲಿ ಒದಗಿತು. ಊರಿನ ಹೆಸರು ಬೇಡ. ಕಲ್ಪಿತ ಪ್ರಕರಣ ಹೀಗಿತ್ತು: ಮುಚ್ಚಿಹೋದ ಸರ್ಕಾರಿ ಕಾರ್ಖಾನೆಯೊಂದರ ವಸತಿಗೃಹದಲ್ಲಿ ಮೃತ ಕಾರ್ಮಿಕನ ವಿಧವೆ ವಾಸವಾಗಿದ್ದಾಳೆ; ಆಕೆಯನ್ನು ತೆರವುಗೊಳಿಸಲು ಆದೇಶವಾಗಿದೆ; ಅದು ಸಿಂಧುವೇ? ಸಾರ್ವಜನಿಕ ಸ್ಥಳಗಳಿಂದ ಅನಧಿಕೃತ ನಿವಾಸಿಗಳನ್ನು ಹೊರಹಾಕುವ 1971ರ ಅಧಿನಿಯಮ ಒಂದೆಡೆ. ಮುಂಬಯಿಯ ಕಾಲುದಾರಿ ನಿವಾಸಿಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಇತ್ತ ಓಲ್ಗಾ ಟೆಲ್ಲಿಸ್ ಪ್ರಕರಣದ ತೀರ್ಪು ಇನ್ನೊಂದೆಡೆ. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ ಎಂದು ಆ ತೀರ್ಪು ಸಾರಿತು. ತೆರವನ್ನೇ ನಿಷೇಧಿಸಲಿಲ್ಲ, ನ್ಯಾಯಯುತವಾದ ಕ್ರಮವಿರಬೇಕೆಂದಿತು.

ವಿಧವೆಯ ಪರವಾಗಿ ಹುಡುಗ ವಾದಿಸಬೇಕು. ಆತ ಬರೆದು ತಂದ ಕನ್ನಡದಲ್ಲಿ ಒತ್ತಕ್ಷರಗಳು ಅತ್ತಿತ್ತ ಆಗಿದ್ದವು. ವಾಕ್ಯಗಳು ಚಿಕ್ಕವು, ಬರಿಗಾಲಿನವು. ನಾವು ಮೂರು ಭಾನುವಾರ ಅವನನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಸಿದೆವು. “ಆಶ್ರಯಾಧಿಕಾರವು ಜೀವನಾಧಿಕಾರಾಂತರ್ಗತವಾದುದರಿಂದ ವಿಧ್ಯುಕ್ತಪ್ರಕ್ರಿಯಾರಹಿತವಾದ ನಿಷ್ಕಾಸನವು ಅನುಪಪನ್ನವು” – ಇಂಥ ಹದಿನೈದು ನಿಮಿಷಗಳ ಮಾತು. ಹುಡುಗ ಶ್ರದ್ಧಾವಂತ. ರೈಲಿನಲ್ಲಿ, ಸಯನೈಡ್ ದಿಬ್ಬಗಳ ಬಳಿಯ ನಡಿಗೆಯಲ್ಲಿ, ಎಲ್ಲಿಯೂ ಬಿಡದೆ ಉರುಹೊಡೆದ. ನಮ್ಮ ಹೃದಯ ಉಬ್ಬಿತು.

ಆ ಸ್ಪರ್ಧೆಯ ಆತಿಥ್ಯ ಬಲು ಆತ್ಮೀಯ, ಹೋಳಿಗೆಯ ಊಟ. ಆದರೆ ಉದ್ಘಾಟನೆಯ ಭಾಷಣ, ಶಾಲು, ಹಾರಗಳಲ್ಲಿ ಬೆಳಗೆಲ್ಲ ಕಳೆದು, ಮೊದಲನೆಯ ಸುತ್ತು ಮಧ್ಯಾಹ್ನಕ್ಕೆ ಜಾರಿತು; ಹದಿನೈದು ನಿಮಿಷ ಹತ್ತಾಯಿತು. ನಡುವೆ ಒಬ್ಬ ನ್ಯಾಯಾಧೀಶರು ಎದ್ದುಹೋಗಿ ಬೇರೊಬ್ಬರು ಬಂದು ಕುಳಿತರು. ಅಂಕಗಳು ಯಾರಿಗೂ ತಿಳಿಯಲಿಲ್ಲ. ಕನ್ನಡದ ಕಾರ್ಯವೆಂದು ಕೇಳಿದರೆ ಮುಂಗಡವಾಗಿ ಕ್ಷಮಿಸಿಬಿಡುವ ಅಭ್ಯಾಸ ನಮ್ಮಂಥವರದು; ಅದು ಕನ್ನಡಕ್ಕೆ ಒಳ್ಳೆಯದು ಮಾಡಿಲ್ಲ.

ಆದರೆ ಅಂದಿನ ಸೋಲಿಗೆ ಆತಿಥೇಯರು ಕಾರಣರಲ್ಲ. ಹುಡುಗ ಎದ್ದು ನಿಂತು ನಮ್ಮ ವಾಕ್ಯವನ್ನು ನುಡಿದ. ಪೀಠದಲ್ಲಿದ್ದ ನಿವೃತ್ತ ಜಿಲ್ಲಾ ನ್ಯಾಯಾಧೀಶರು, “ಹಾಗೆಂದರೇನಪ್ಪ?” ಎಂದರು. ಆತ ಮತ್ತೊಮ್ಮೆ ಅದನ್ನೇ ನುಡಿದ. ಅವರು ಮೃದುವಾಗಿಯೇ, “ಬಿಡಿಸಿ ಹೇಳು, ಆ ಹೆಂಗಸು ಯಾವ ಹಕ್ಕಿನಿಂದ ಆ ಮನೆಯಲ್ಲಿದ್ದಾಳೆ?” ಎಂದರು. ಹುಡುಗ ಮೂರನೆಯ ಸಲವೂ ಅದೇ ವಾಕ್ಯವನ್ನು ಅರ್ಧಕ್ಕೆ ಹೇಳಿ ನಿಂತುಬಿಟ್ಟ. ಬಾಯಿ ಒಣಗಿತ್ತು. ಆ ಪ್ರಶ್ನೆಗೆ ಆ ಕೋಣೆಯಲ್ಲಿದ್ದ ಯಾರಿಗಾದರೂ ಉತ್ತರ ಗೊತ್ತಿದ್ದರೆ ಅದು ಆತನಿಗೆ. ಅಂಥದೇ ಮನೆಯಿಂದ ಬೆಳಗ್ಗೆ ಎದ್ದು ಬಂದವನು. ಅಂಥದೇ ಅಜ್ಜಿ ಬಾಗಿಲಲ್ಲಿ ನಿಂತು ಕಳಿಸಿದ್ದಳು.

ಹಿಂದಿನ ಬೆಂಚಿನಲ್ಲಿ ಕುಳಿತ ನಮಗೆ ಐದು ದಶಕಗಳ ಹಿಂದೆ ಕಲಿತ ಪಾಠ ನೆನಪಾಯಿತು. ಮೂರು ಸಲ ಹೇಳಿದರೂ ಸಭೆಗೂ ಪ್ರತಿವಾದಿಗೂ ಅರ್ಥವಾಗದಂತೆ ಮಾತನಾಡುವುದು ‘ಅವಿಜ್ಞಾತಾರ್ಥ’ವೆಂಬ ನಿಗ್ರಹಸ್ಥಾನ. ಉತ್ತರ ಹೊಳೆಯದೆ ನಿಲ್ಲುವುದು ‘ಅಪ್ರತಿಭೆ’ ಎಂಬ ಇನ್ನೊಂದು. ಎರಡನೆಯದು ಹುಡುಗನ ಹೆಸರಿಗೆ ಬರೆಯಲ್ಪಟ್ಟಿತು. ಮೊದಲನೆಯದು ನಮ್ಮದು.

ಹಿಂದಿರುಗುವಾಗ ಮಕ್ಕಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ನಾವೂ ಮಾತನಾಡಲಿಲ್ಲ. ಮಾತನಾಡಬೇಕಾಗಿತ್ತು. ಬಂಗಾರಪೇಟೆ ಬಂದಾಗ ಹುಡುಗನೇ ನಮ್ಮ ಬಳಿಗೆ ಬಂದು, “ನಿಮ್ಮ ಹೆಸರು ಕೆಡಿಸಿದೆ ಸರ್, ಮನ್ನಿಸಿ” ಎಂದು ಕೈಮುಗಿದ. ವಯಸ್ಸಿಗೆ ಅಂಟಿದ ಗರ್ವವು ಆಗಲೂ ನಮ್ಮ ನಾಲಗೆಯನ್ನು ಹಿಡಿದಿತ್ತು. “ಇರಲಿ ಬಿಡು” ಎಂದಷ್ಟೇ ಹೇಳಿ ಮನೆಯ ದಾರಿ ಹಿಡಿದೆವು. ಆ ‘ಇರಲಿ ಬಿಡು’ ಹಲವು ರಾತ್ರಿ ನಿದ್ದೆ ಕೆಡಿಸಿತು.

ಮೂರನೆಯದು ಮಾರ್ಚಿನಲ್ಲಿ, ವಿಚಾರಣೆಯ ಬಗೆಯದು. ಬಯಲುಸೀಮೆಯ ಒಂದು ಸಾಧಾರಣ ಕಾಲೇಜಿನಲ್ಲಿ. ಕನ್ನಡ, ಇಂಗ್ಲಿಷ್ ಯಾವುದರಲ್ಲಾದರೂ ವಾದಿಸಬಹುದಿತ್ತು. 1872ರ ಸಾಕ್ಷ್ಯ ಅಧಿನಿಯಮ ಹೋಗಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿರುವುದರಿಂದ ಕೆಲವು ತಂಡಗಳು ಹಳೆಯ ಕಲಮುಗಳನ್ನೇ ಹೇಳಿ ಅಂಕ ಕಳೆದುಕೊಂಡವು. ಈ ಸಲ ನಾವು ಏನನ್ನೂ ಬರೆಸಲಿಲ್ಲ. ಹುಡುಗ ಒಮ್ಮೆ ಕಾಗದ ಹಿಡಿದು ಬಂದಾಗ, “ಮನೆಯಲ್ಲಿ ಅಜ್ಜಿಗೆ ಹೇಳುವಂತೆ ನನಗೆ ಹೇಳು” ಎಂದೆವು, ಅಷ್ಟೇ.

ಪ್ರಕರಣ ಒಂದು ಅಂಗಡಿಯ ಕಳವು. ರಾತ್ರಿಯಲ್ಲಿ ಆರೋಪಿಯ ಮುಖವನ್ನು ಕಂಡೆನೆಂದು ಕಾವಲುಗಾರನ ಹೇಳಿಕೆ. ಕಾವಲುಗಾರನಾಗಿದ್ದವನು ಎದುರು ಕಾಲೇಜಿನ ಚುರುಕಾದ ವಿದ್ಯಾರ್ಥಿ. ಮುಖ್ಯ ವಿಚಾರಣೆಯಲ್ಲಿ ಉತ್ತರವನ್ನು ಸೂಚಿಸುವ ಪ್ರಶ್ನೆಗಳಿಗೆ ಆಕ್ಷೇಪ ಬರುತ್ತದೆ. ಪಾಟೀಸವಾಲಿನಲ್ಲಿ ಅವನ್ನು ಕೇಳಬಹುದು. ನಮ್ಮ ಹುಡುಗ ಎದ್ದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೇಳಿದ: “ನೀವು ನಿಂತಿದ್ದು ಗೇಟಿನ ಹತ್ತಿರ ಅಲ್ಲವಾ?” “ಹೌದು.” “ಅಂಗಡಿ ಬಾಗಿಲು ಆ ಕಡೆ, ಮೂಲೆಗೆ?” “ಹೌದು.” “ಬೀದಿ ದೀಪ ಎರಡು ದಿನದಿಂದ ಉರಿಯುತ್ತಿಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಿ?” ಸಾಕ್ಷಿ ತಡವರಿಸಿ, “ಹೌದು” ಎಂದ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕ್ಷಿಗೆ ಸಮಜಾಯಿಷಿಯ ಅವಕಾಶ ಸಿಗುತ್ತಿತ್ತು. ಹುಡುಗ ಕುಳಿತುಬಿಟ್ಟ. ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ನಾವಂತೂ ಆತನಿಗೆ ಕಲಿಸಿರಲಿಲ್ಲ.

ತಂಡ ಉಪಾಂತ್ಯದಲ್ಲಿ ಸೋತಿತು. ಇವಳ ಅಂತಿಮ ವಾದ ಉದ್ದವಾಯಿತು; ಅದು ನಮ್ಮ ವಂಶದ ದೋಷವಿರಬೇಕು.

ಬೇಸಗೆಯ ರಜೆಯಲ್ಲಿ ಇವಳು ಮೂರೂ ಸ್ಪರ್ಧೆಗಳನ್ನು ತುಲನೆ ಮಾಡಿ ಕಾಲೇಜಿನ ಕಿರಿಯರಿಗಾಗಿ ಒಂದು ಟಿಪ್ಪಣಿ ಬರೆದಳು. ನಮ್ಮ ಅಭಿಪ್ರಾಯವನ್ನೂ ಕೇಳಿದಳು. ಬೆಂಗಳೂರಿನವರ ಗಂಟೆ ಮತ್ತು ಅಂಕಪಟ್ಟಿ, ಎರಡನೆಯವರ ಅನ್ನ, ಮೂರನೆಯವರ ಸಾಕ್ಷಿಕಟ್ಟೆ ಒಂದೇ ಸೂರಿನಡಿ ದೊರೆತರೆ ಉತ್ತಮವೆಂದೆವು. ಅವಳು ನಗದೆ ಇನ್ನೊಂದು ಪ್ರಶ್ನೆ ಹಾಕಿದಳು: “ಇಷ್ಟೊಂದು ಮೇಲ್ಮನವಿಯ ಸ್ಪರ್ಧೆಗಳೇಕೆ ದೊಡ್ಡಪ್ಪಾ? ನಮ್ಮಲ್ಲಿ ಬಹುಪಾಲು ಜನ ವೃತ್ತಿ ಆರಂಭಿಸುವುದು ರಾಬರ್ಟ್‌ಸನ್ ಪೇಟೆಯಲ್ಲೋ ಕೋಲಾರದಲ್ಲೋ.” ಉಚ್ಚ ನ್ಯಾಯಾಲಯದ ಭಾಷೆ ಸಂವಿಧಾನದ 348ನೆಯ ವಿಧಿಯಂತೆ ಇಂಗ್ಲಿಷ್, ಜಿಲ್ಲೆ, ತಾಲೂಕುಗಳ ನ್ಯಾಯಾಲಯಗಳದು ಕನ್ನಡ. ಅಲ್ಲಿ ನಿತ್ಯವೂ ನಿಲ್ಲುವುದು ಹೊಲದ ಬದುವಿನ, ಚೆಕ್ಕಿನ, ಜೀವನಾಂಶದ ಸಾಕ್ಷಿಗಳು. ಅವರಲ್ಲಿ ಕೆಲವರು ತಮಿಳಿನಲ್ಲಿ ಯೋಚಿಸುವವರು, ಕೆಲವರು ತೆಲುಗಿನಲ್ಲಿ. ಅವರನ್ನು ಪ್ರಶ್ನಿಸುವ ಕಲೆಗೆ ಸ್ಪರ್ಧೆಗಳು ಬೆರಳೆಣಿಕೆಯಷ್ಟು. ಅವಳ ಮಾತಿಗೆ ನಾವು ಪ್ರತ್ಯುತ್ತರ ಹುಡುಕಲಿಲ್ಲ.

ಹುಡುಗನಿಗೆ ಹೇಳಬೇಕಾದುದನ್ನು ಹೇಳಿದ್ದು ಮಾರ್ಚಿನ ಆ ಸಂಜೆ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲಿಗೆ ಇನ್ನೂ ಹೊತ್ತಿತ್ತು. 1894ರಲ್ಲಿ ಚಿನ್ನಕ್ಕಾಗಿ ಹಾಕಿದ ಹಳಿ ಅದು. ಈಗ ಬೆಂಗಳೂರಿನ ಕೂಲಿಗೆ ಹೋಗಿಬರುವವರನ್ನು ಹೊರುತ್ತದೆ. ಮಕ್ಕಳು ಈ ಊರಿನ ಪ್ರಸಿದ್ಧ ಪಾನಿಪುರಿಯನ್ನು ತಿನ್ನಬೇಕೆಂದರು. ಮಠದ ಶಿಸ್ತನ್ನು ಬದಿಗಿಟ್ಟು ನಾವೂ ಒಂದನ್ನು ಬಾಯಿಗೆ ಹಾಕಿಕೊಂಡೆವು. ನೀರಿನಂತೆ ತಿಳಿಯಾಗಿ ಕಾಣುವ ಆ ರಸದಲ್ಲಿ ಅಷ್ಟೊಂದು ಖಾರವಿರುವುದೆಂದು ಬಲ್ಲವರಾರು! ಕಣ್ಣಲ್ಲಿ ನೀರು ಬಂದಿತು. ಆ ನೆವದಲ್ಲಿಯೇ ಹೇಳಿದೆವು: “ಜನವರಿಯಲ್ಲಿ ಸೋತವನು ನೀನಲ್ಲ ತಮ್ಮಾ. ಆ ವಾಕ್ಯ ನನ್ನದು, ಸೋಲೂ ನನ್ನದು.”

ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಆ ಮಾತುಗಳು ನನಗೆ ಇಷ್ಟವಾಗಿದ್ದವು ಸರ್. ಅಜ್ಜಿಗೂ ಹೇಳಿ ತೋರಿಸಿದ್ದೆ. ಅರ್ಥ ಕೇಳಿದಳು, ಹೇಳಿದೆ. ಅಲ್ಲಿ ಮಾತ್ರ ಬರಲಿಲ್ಲ” ಎಂದ. ರೈಲು ಬಂದಿತು. ಹತ್ತುವ ಮುನ್ನ ಹಿಂದಿರುಗಿ, ‘ಅನುಪಪನ್ನ’ಕ್ಕೆ ಒತ್ತು ಎಲ್ಲಿ ಬರುತ್ತದೆಂದು ಕೇಳಿದ. ಹೇಳಿದೆವು. ಅಂಗೈಯ ಮೇಲೆ ಬೆರಳಿನಿಂದ ಬರೆದುಕೊಂಡು ಒಳಗೆ ಹೋದ.