ಸೊನ್ನೆಯ ಬೆನ್ನು ಹತ್ತಿ

ನನ್ನ ಕಪಾಟಿನಲ್ಲಿ ಒಂದು ಹಳೆಯ ರಟ್ಟಿನ ಫೈಲಿದೆ. ಮನೆ ಬದಲಿಸಿದಾಗಲೆಲ್ಲ ಬಿಸಾಡಬೇಕು ಅಂದುಕೊಳ್ಳುತ್ತೇನೆ, ಮತ್ತೆ ಎತ್ತಿಟ್ಟುಕೊಳ್ಳುತ್ತೇನೆ. ಅದರೊಳಗಿನ ಹೆಚ್ಚಿನ ಕಾಗದಗಳು ಹೇಳುವುದು ಒಂದೇ ಮಾತು. ‘ಈ ಕಚೇರಿಯ ವ್ಯಾಪ್ತಿಯಲ್ಲಿ ಮಲ ಹೊರುವ ಪದ್ಧತಿ ಇರುವುದಿಲ್ಲ.’ ‘ಅಂಥ ಯಾವುದೇ ವ್ಯಕ್ತಿಗಳು ಕಂಡುಬಂದಿರುವುದಿಲ್ಲ.’ ಒಂದು ಕಾಗದದಲ್ಲಂತೂ ಅಷ್ಟೂ ಇಲ್ಲ. ಕೋಷ್ಟಕದ ಕೊನೆಯ ಕಾಲಂನಲ್ಲಿ ನೀಲಿ ಶಾಯಿಯಲ್ಲಿ ದುಂಡಗೆ ಒಂದು ಸೊನ್ನೆ, ಅದರ ಕೆಳಗೆ ಸಹಿ.

ಕಾನೂನು ಪದವಿ ಮುಗಿಸಿ ಬೆಂಗಳೂರಿನ ಒಂದು ಪುಟ್ಟ ಕಾನೂನು ಗುಂಪಿಗೆ ಸೇರಿದಾಗ 2014ನೇ ಇಸವಿ. ನಾಲ್ಕು ಜನ ವಕೀಲರು, ಒಂದು ಬಾಡಿಗೆ ಮಹಡಿ, ಮಳೆ ಬಂದರೆ ಸೋರುವ ಒಂದು ಮೂಲೆ. ನ್ಯಾಯಾಲಯದಲ್ಲಿ ವಾದ ಮಾಡುವ ಕನಸು ಹೊತ್ತು ಹೋದವಳಿಗೆ ಸಿಕ್ಕಿದ್ದು ಅನುವಾದದ ಕೆಲಸ. ಇಂಗ್ಲಿಷಿನ ಆದೇಶಗಳನ್ನು ಕನ್ನಡಕ್ಕೆ ತರುವುದು, ಜನರು ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ಕೊಂಡೊಯ್ಯುವುದು. ಇನ್ನುಳಿದ ಹೊತ್ತಿನಲ್ಲಿ ಕಚೇರಿಗಳನ್ನು ಅಲೆಯುವುದು. ಈ ಅಲೆದಾಟಕ್ಕೆ ಇಂಗ್ಲಿಷಿನಲ್ಲಿ ಗೌರವದ ಹೆಸರೊಂದಿದೆ, ಲಾಬಿ. ಕನ್ನಡದಲ್ಲಿ ಆ ಪದಕ್ಕೆ ಕೆಟ್ಟ ವಾಸನೆ. ನಮ್ಮ ಪತ್ರಿಕೆಗಳಲ್ಲಿ ಲಾಬಿ ಮಾಡುವವರು ಮಂತ್ರಿಗಿರಿ ಬೇಕಾದವರು, ಗಣಿಯವರು, ಮದ್ಯದವರು. ಫೋನಿನಲ್ಲಿ ಒಮ್ಮೆ ಬಾಯಿತಪ್ಪಿ ಹೇಳಿದ್ದಕ್ಕೆ ಅಪ್ಪ, “ಲಾಬಿ ಮಾಡೋಕೆ ಲಾ ಓದ್ಸಿದ್ನಾ ನಿನ್ನ?” ಎಂದು ಕೇಳಿದ್ದರು. ನಮ್ಮ ಹಿರಿಯ ವಕೀಲೆ ಇದನ್ನು ‘ಬೆನ್ನು ಹತ್ತೋದು’ ಅನ್ನುತ್ತಿದ್ದರು. “ಇವತ್ತು ಯಾರ ಬೆನ್ನು ಹತ್ತಿದ್ದೀಯ?” ಎನ್ನುವುದು ಅವರು ದಿನವೂ ಕೇಳುತ್ತಿದ್ದ ಪ್ರಶ್ನೆ.

ಅವರು ನನಗೆ ಕಲಿಸಿದ ಮೊದಲ ಪಾಠ ಸಂವಿಧಾನದ್ದಲ್ಲ, ಸೀಲಿನದು. ಮನವಿ ಪತ್ರ ಕೊಟ್ಟರೆ ಸಾಲದು, ನಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು ಬೀಳಬೇಕು. ಸೀಲಿನಲ್ಲಿ ತಾರೀಖು ಓದುವಂತಿರಬೇಕು. ಮಸುಕಾಗಿ ಬಿದ್ದರೆ ಇನ್ನೊಮ್ಮೆ ಒತ್ತಿಸಿಕೊಂಡು ಬರಬೇಕು. ಗುಮಾಸ್ತರು ಮುಖ ಸಿಂಡರಿಸಿದರೂ ಸರಿ. ಮುಂದೊಂದು ದಿನ ‘ನಮಗೆ ಗೊತ್ತೇ ಇರಲಿಲ್ಲ’ ಎಂದು ಯಾರಾದರೂ ಹೇಳುತ್ತಾರೆ, ಆ ದಿನಕ್ಕಾಗಿ ಈ ಸೀಲು.

ಆ ವರ್ಷ ನನ್ನ ಮೇಜಿನ ಮೇಲೆ ಬಂದದ್ದು ಸುಪ್ರೀಂ ಕೋರ್ಟು 2014ರ ಮಾರ್ಚ್ 27ರಂದು ಕೊಟ್ಟ ತೀರ್ಪು. ಸಫಾಯಿ ಕರ್ಮಚಾರಿ ಆಂದೋಲನವು ಭಾರತ ಸರ್ಕಾರದ ವಿರುದ್ಧ ಹೂಡಿದ್ದ ಮೊಕದ್ದಮೆ. ಊರೂರಿನ ಜನ ಓದಿಕೊಳ್ಳಲಿ ಎಂದು ಅದನ್ನು ಕನ್ನಡಕ್ಕೆ ತರಬೇಕಿತ್ತು. ತೀರ್ಪಿಗಿಂತ ಅದರ ಹಿಂದಿನ ಕಥೆಯೇ ನನ್ನನ್ನು ಹಿಡಿದು ಕೂರಿಸಿತು. ಅದು ಶುರುವಾಗುವುದು ನಮ್ಮ ರಾಜ್ಯದಲ್ಲೇ. ಬೆಜವಾಡ ವಿಲ್ಸನ್ ಹುಟ್ಟಿದ್ದು 1966ರಲ್ಲಿ, ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಚಿನ್ನ ತೆಗೆಯುವ ಕಾರ್ಮಿಕರ ಸಾಲುಮನೆಗಳಿಗೆ ಒಣ ಪಾಯಿಖಾನೆಗಳಿದ್ದವು. ಅವುಗಳನ್ನು ಬಳಿಯುತ್ತಿದ್ದವರಲ್ಲಿ ಅವರ ಮನೆಯವರೂ ಇದ್ದರು. ತರುಣ ವಿಲ್ಸನ್ ಮಾಡಿದ್ದು ಪತ್ರ ಬರೆಯುವ ಕೆಲಸ. ಗಣಿ ಕಂಪನಿಗೆ ಬರೆದರು, ಸರ್ಕಾರಕ್ಕೆ ಬರೆದರು. ಬರೀ ಮಾತಿಗೆ ಬೆಲೆಯಿಲ್ಲ ಎಂದು ಗೊತ್ತಾದಾಗ ಫೋಟೋ ತೆಗೆದು ಪತ್ರಕ್ಕೆ ಲಗತ್ತಿಸಿದರು.

ಅಷ್ಟರಲ್ಲಿ 1993ರಲ್ಲಿ ಸಂಸತ್ತು ಮಲ ಹೊರಿಸುವುದನ್ನೂ ಒಣ ಪಾಯಿಖಾನೆ ಕಟ್ಟುವುದನ್ನೂ ನಿಷೇಧಿಸುವ ಕಾಯ್ದೆ ಮಾಡಿತ್ತು. ರಾಜ್ಯಗಳು ಕೇಳಿಕೊಂಡದ್ದರಿಂದ ಸಂಸತ್ತು ಮಾಡಿದ ಕಾನೂನು ಅದು, ಕೇಳಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ಜಾರಿಗೆ ಬಂದದ್ದು ಮಾತ್ರ 1997ರ ಜನವರಿ 26ಕ್ಕೆ. ನಮ್ಮಲ್ಲಿ 1970ರ ದಶಕದ ಆರಂಭದಲ್ಲೇ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆದೇಶ ಹೊರಡಿಸಿದ್ದರು. ಇದನ್ನು ಶಾಲೆಯಲ್ಲಿ ಓದಿದ್ದ ನಾನು, ‘ಮುಗಿದುಹೋದ ಕಥೆ’ ಎಂದೇ ತಿಳಿದಿದ್ದೆ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ವಾಸದ ಜಾಗದಿಂದ ತಮ್ಮನ್ನು ಎಬ್ಬಿಸುವುದರ ವಿರುದ್ಧ ಭಂಗಿ ಸಮುದಾಯದವರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ಟೀವಿಯಲ್ಲಿ ನೋಡಿ ಚಾನೆಲ್ ಬದಲಿಸಿದ್ದೆ. ಅದನ್ನು ಇಲ್ಲಿ ಬರೆಯದೆ ಮುಂದೆ ಹೋಗುವುದು ಸರಿಯಲ್ಲ.

ಮೊಕದ್ದಮೆಯ ವಿಷಯಕ್ಕೆ ಬರುತ್ತೇನೆ. 2003ರಲ್ಲಿ ಆಂದೋಲನದವರು ಸುಪ್ರೀಂ ಕೋರ್ಟಿಗೆ ಹೋದಾಗ ರಾಜ್ಯಗಳು ಒಂದರ ಹಿಂದೊಂದು ಪ್ರಮಾಣಪತ್ರ ಹಾಕಿದವು. ಬಹಳ ರಾಜ್ಯಗಳದ್ದು ಒಂದೇ ಉತ್ತರ: ನಮ್ಮಲ್ಲಿಲ್ಲ. ಆಂದೋಲನದವರು ಆ ರಾಜ್ಯಗಳ ಊರುಗಳಿಗೆ ಹೋಗಿ, ಬೀದಿ, ಮನೆ, ಕೆಲಸ ಮಾಡುವವರು, ಎಲ್ಲದರ ವಿವರ ಮತ್ತು ಫೋಟೋ ತಂದು ಕೋರ್ಟಿನ ಮುಂದಿಟ್ಟರು. ಸರ್ಕಾರ ‘ಇಲ್ಲ’ ಎನ್ನುವುದು, ಇವರು ಹೋಗಿ ‘ಇದೆ’ ಎಂದು ತರುವುದು. ಹತ್ತು ವರ್ಷ ಇದೇ ನಡೆಯಿತು. ಕೊನೆಗೆ ಸರ್ಕಾರದ್ದೇ ಕೈ ಸರ್ಕಾರದ ಬಾಯಿ ಮುಚ್ಚಿಸಿತು. 2011ರ ಜನಗಣತಿಯಲ್ಲಿ ಮನೆಮನೆಯ ಪಾಯಿಖಾನೆ ಯಾವ ಬಗೆಯದೆಂದು ಬರೆದುಕೊಂಡಿದ್ದರಲ್ಲ, ಅದರಲ್ಲಿ ಮನುಷ್ಯರೇ ಮಲ ತೆಗೆಯುವ ಪಾಯಿಖಾನೆಗಳು ದೇಶದಲ್ಲಿ 7,94,390 ಎಂದು ಬಂತು. ಕೋರ್ಟಿನ ಹೊರಗೂ ಬೆನ್ನು ಹತ್ತುವ ಕೆಲಸ ನಡೆದೇ ಇತ್ತು. ಹೆಂಗಸರು ಬುಟ್ಟಿಗಳನ್ನು ಸುಟ್ಟರು, 2010ರಲ್ಲಿ ಹಲವು ದಿಕ್ಕುಗಳಿಂದ ಬಸ್ಸುಗಳಲ್ಲಿ ದೆಹಲಿಗೆ ಯಾತ್ರೆ ಹೋದರು. 2013ರಲ್ಲಿ ಹೊಸ ಕಾಯ್ದೆ ಬಂತು. 2014ರ ತೀರ್ಪು ಅದನ್ನು ಜಾರಿ ಮಾಡಿ ಎಂದಿತು. 1993ರಿಂದೀಚೆಗೆ ಒಳಚರಂಡಿ, ಗುಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ಕೊಡಿ ಎಂದಿತು.

ಅನುವಾದ ಮುಗಿಸಿದ ದಿನ ನಾನು ಗೆದ್ದಷ್ಟೇ ಖುಷಿಯಲ್ಲಿದ್ದೆ. ಹಿರಿಯ ವಕೀಲೆ ಕನ್ನಡಕ ಒರೆಸಿಕೊಳ್ಳುತ್ತ, “ಚೆನ್ನಾಗಿದೆ. ಈಗ ಹೋಗಿ ಒಂದು ಊರಲ್ಲಿ ಒಬ್ಬರ ಹೆಸರು ಪಟ್ಟಿಗೆ ಸೇರ್ಸು, ನೋಡೋಣ” ಅಂದರು.

ಊರಿನ ಹೆಸರು ಇಲ್ಲಿ ಬೇಡ. ಬೆಂಗಳೂರಿನಿಂದ ಬಸ್ಸಿನಲ್ಲಿ ನಾಲ್ಕು ಗಂಟೆ. ಹಳೇ ಪೇಟೆಯ ಮನೆಗಳ ಹಿಂದೆ ಇಬ್ಬರು ಎದುರುಬದುರಾಗಿ ಹೋಗಲಾರದಷ್ಟು ಕಿರಿದಾದ ಸಂದಿಗಳು. ಪಾಯಿಖಾನೆಯ ಕೊಳವೆಗಳು ಅಲ್ಲಿನ ತೆರೆದ ಚರಂಡಿಗೆ ಬಾಯಿ ಬಿಟ್ಟುಕೊಂಡಿದ್ದವು. ಬೆಳಗಿನ ಜಾವ ಐದಕ್ಕೆ ತಗಡಿನ ತುಂಡು, ಕಡ್ಡಿಪೊರಕೆ, ಬಕೆಟ್ ಹಿಡಿದು ಹೆಂಗಸರು ಬರುತ್ತಿದ್ದರು. ಗುಂಡಿ ಖಾಲಿ ಮಾಡುವ ಗಂಡಸರು ರಾತ್ರಿಯ ಪಾಳಿ. ಹೊಸ ಕಾಯ್ದೆಯ ಪ್ರಕಾರ ಅನೈರ್ಮಲ್ಯದ ಪಾಯಿಖಾನೆಯ ಮಲ ಬಂದು ಬೀಳುವ ತೆರೆದ ಚರಂಡಿಯನ್ನು ಕೈಯಿಂದ ಬಳಿಯುವವರೂ ಮಲ ಹೊರುವವರೇ. ಆದರೆ ಪುರಸಭೆಯ ಲೆಕ್ಕದಲ್ಲಿ ಆ ಊರು ಸೊನ್ನೆ.

ಅಲ್ಲಿನ ಆರೋಗ್ಯ ನಿರೀಕ್ಷಕರು ಒಳ್ಳೆಯ ಮನುಷ್ಯ. ಟೀ ತರಿಸಿದರು, ಫ್ಯಾನ್ ನಮ್ಮ ಕಡೆ ತಿರುಗಿಸಿದರು. “ಅವ್ರು ಚರಂಡಿ ಕ್ಲೀನ್ ಮಾಡೋರು ಮೇಡಂ. ಅದು ಬೇರೆ, ಇದು ಬೇರೆ” ಅಂದರು. ನಾನು ಕಾಯ್ದೆಯ ಪುಟ ತೆಗೆದು ತೋರಿಸಿದೆ. ಓದಿದರು. ಬಹಳ ಹೊತ್ತು ಸುಮ್ಮನಿದ್ದು, “ನಾನು ‘ಇದೆ’ ಅಂತ ಬರೆದೆ ಅಂದ್ಕೊಳಿ. ನಾಳೆ ಮೇಲಿಂದ ಏನು ಕೇಳ್ತಾರೆ? ‘ಇದ್ದರೆ ನೀನೇನು ಮಾಡ್ತಿದ್ದೆ?’ ಅಂತಾರೆ” ಎಂದರು.

ಆ ಮಾತು ನನ್ನೊಳಗೆ ಇವತ್ತಿಗೂ ಕೂತಿದೆ. ಕಾನೂನು ಎಷ್ಟು ಗಟ್ಟಿಯಾದರೆ ಲೆಕ್ಕ ಅಷ್ಟು ಸುಳ್ಳಾಗುತ್ತದೆ. ಮಲ ಹೊರಿಸುವುದು ಅಪರಾಧ, ಅದನ್ನು ತಡೆಯುವುದು ಪುರಸಭೆಯ ಹೊಣೆ, ಎಷ್ಟು ಜನರಿದ್ದಾರೆಂದು ಎಣಿಸುವುದೂ ಅದೇ ಪುರಸಭೆಯ ಕೆಲಸ. ತನ್ನ ತಪ್ಪನ್ನು ತಾನೇ ಎಣಿಸಿ ಸಹಿ ಹಾಕು ಅಂದರೆ ಯಾರು ಹಾಕುತ್ತಾರೆ? ಸೊನ್ನೆ ಬರೆದವನಿಗೆ ಯಾರೂ ನೋಟಿಸ್ ಕೊಟ್ಟಿದ್ದನ್ನು ನಾನು ಕಂಡಿಲ್ಲ.

ಹಾಗಾಗಿ ಹಿರಿಯ ವಕೀಲೆ ಪ್ರಶ್ನೆಯನ್ನೇ ಬದಲಿಸಿದರು. ‘ಮಲ ಹೊರುವವರು ಇದ್ದಾರೆಯೇ’ ಎಂದು ಇನ್ನು ಕೇಳಬೇಡ, ಬೇರೆಯದನ್ನು ಕೇಳು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆವು. ಒಳಚರಂಡಿ ಸಂಪರ್ಕವಿರುವ ಮನೆಗಳೆಷ್ಟು? ಇಲ್ಲದವು ಎಷ್ಟು? ಸಕ್ಕಿಂಗ್ ಯಂತ್ರ ಎಷ್ಟಿವೆ, ಅದರ ಲಾಗ್ ಪುಸ್ತಕದ ಪ್ರತಿ ಕೊಡಿ. ಆ ಸಂದಿಗಳ ಅಗಲವೆಷ್ಟು? ಕೊನೆಯ ಪ್ರಶ್ನೆ ನೋಡಿ ನನಗೆ ನಗು ಬಂದಿತ್ತು. ಉತ್ತರ ಬಂದಾಗ ಬರಲಿಲ್ಲ. ಇದ್ದದ್ದು ಒಂದೇ ಯಂತ್ರ, ಅದೂ ತಿಂಗಳುಗಟ್ಟಲೆ ರಿಪೇರಿಯಲ್ಲಿ. ಸುಸ್ಥಿತಿಯಲ್ಲಿದ್ದರೂ ಆ ಲಾರಿ ಸಂದಿಯೊಳಗೆ ಹೋಗಲಾರದು. ಹಾಗಾದರೆ ಅಲ್ಲಿ ಬಳಿಯುತ್ತಿದ್ದವರು ಯಾರು? ಇಷ್ಟನ್ನೇ ಒಂದು ಪುಟದಲ್ಲಿ ಬರೆದು ಜಿಲ್ಲಾಧಿಕಾರಿ ಕಚೇರಿಗೆ, ಆಯೋಗಕ್ಕೆ, ವಿಧಾನಸೌಧದ ಹಿಂದಿನ ಬಹುಮಹಡಿ ಕಟ್ಟಡದ ಒಬ್ಬ ಅಧೀನ ಕಾರ್ಯದರ್ಶಿಯ ಮೇಜಿಗೆ ತಲುಪಿಸಿದೆವು. ಒಬ್ಬ ಶಾಸಕರ ಬೆನ್ನು ಹತ್ತಿದೆವು, ಸದನದಲ್ಲಿ ಪ್ರಶ್ನೆ ಕೇಳಿ ಎಂದು. ಅವರು ಕೇಳಲಿಲ್ಲ, ಅದು ಬೇರೆ ಮಾತು. ಅಧೀನ ಕಾರ್ಯದರ್ಶಿ ಮಾತ್ರ ಪೂರ್ತಿ ಓದಿದರು. ‘ಮರುಸಮೀಕ್ಷೆ ನಡೆಸಿ ವರದಿ ಸಲ್ಲಿಸುವುದು’ ಎಂದು ಒಂದು ಸಾಲು ಬರೆದರು. ‘ನೀವು ಸುಳ್ಳು ಹೇಳಿದಿರಿ’ ಎನ್ನದೆ ‘ಇನ್ನೊಮ್ಮೆ ನೋಡಿ’ ಎನ್ನುವ ಸಾಲು. ಅಧಿಕಾರಿಗೆ ಬರೆಯಲು ಸಾಧ್ಯವಾಗುವಂಥ ಒಂದು ವಾಕ್ಯವನ್ನು ಒದಗಿಸಿಕೊಡುವುದೇ ನಮ್ಮ ವೃತ್ತಿಯ ಅರ್ಧ ಗುಟ್ಟು ಎಂದು ಅವತ್ತು ತಿಳಿಯಿತು.

ಇನ್ನರ್ಧ ನನಗೆ ಗೊತ್ತಿರಲಿಲ್ಲ. ಮರುಸಮೀಕ್ಷೆಗೆ ಜನ ತಾವೇ ಘೋಷಣೆ ಬರೆದುಕೊಡಬೇಕು. ‘ನಾನು ಈ ಕೆಲಸ ಮಾಡುತ್ತೇನೆ’ ಎಂದು ಹೆಸರು, ವಿಳಾಸ, ಫೋಟೋ, ಸಹಿ. ಹದಿನಾಲ್ಕು ಅರ್ಜಿ ತುಂಬಿಸಿದೆ. ಸಂಜೆ ದೀಪ ಹೊತ್ತಿಸುವ ಹೊತ್ತಿಗೆ ಅವರಲ್ಲೊಬ್ಬ ಹೆಂಗಸು ನಾನಿದ್ದ ಜಾಗಕ್ಕೆ ಬಂದು ಬಾಗಿಲ ಹೊರಗೇ ನಿಂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

“ಮೇಡಂ, ಆ ಪೇಪರ್ರು ಎಲ್ಲಿಗೆ ಹೋಯ್ತದೆ?”

ಪುರಸಭೆಗೆ, ಅಲ್ಲಿಂದ ಜಿಲ್ಲೆಗೆ ಅಂದೆ.

“ಪಟ್ಟಿ ಗೋಡೆಗೆ ಅಂಟುಸ್ತಾರಂತಲ್ಲ?”

ಹೌದು. ಪಟ್ಟಿಯನ್ನು ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು, ಕಾನೂನು ಹಾಗಿದೆ.

“ನಮ್ಮುಡುಗಿಗೆ ಗಂಡು ನೋಡ್ತಾ ಇದೀವಿ. ನಾನು ಆಸ್ಪತ್ರೇಲಿ ಕಸ ಗುಡುಸ್ತೀನಿ ಅಂತ ಹೇಳಿದೀವಿ ಅವ್ರಿಗೆ. ನಂದು ತೆಗ್ದುಬುಡಿ.”

ನನಗೆ ಆಗ ಇಪ್ಪತ್ನಾಲ್ಕು ವರ್ಷ. ಪುನರ್ವಸತಿಯ ಮಾತಾಡಿದೆ, ನಲವತ್ತು ಸಾವಿರದ ತಕ್ಷಣದ ನೆರವಿನ ಮಾತಾಡಿದೆ, ಮಕ್ಕಳ ವಿದ್ಯಾರ್ಥಿವೇತನದ ಮಾತಾಡಿದೆ. ಎಲ್ಲವೂ ನಿಜವೇ. ಅವರು ಪೂರ್ತಿ ಕೇಳಿಸಿಕೊಂಡು, ಅಷ್ಟೇ ಮೆತ್ತಗೆ, “ತೆಗ್ದುಬುಡಿ ಮೇಡಂ” ಅಂದರು. ಆರೋಗ್ಯ ನಿರೀಕ್ಷಕರಿಗೂ ಇವರಿಗೂ ಒಂದೇ ಭಯ, ಒಪ್ಪಿಕೊಂಡ ಮೇಲೆ ಏನಾದೀತು ಎಂಬ ಭಯ. ಆದರೆ ಅವರ ಸೊನ್ನೆಗೆ ಸರ್ಕಾರದ ಮೊಹರಿತ್ತು. ಇವರ ಸುಳ್ಳಿಗೆ ಇವರದ್ದೇ ಎದೆ. ನಾನು ಆ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಹರಿಯುತ್ತಾರೆ ಅಂದುಕೊಂಡಿದ್ದೆ, ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡು ಹೋದರು. ಮರುದಿನ ಇನ್ನೂ ನಾಲ್ವರು ಬಂದರು. ಒಂಬತ್ತು ಅರ್ಜಿ ಸಲ್ಲಿಸಿದೆವು. ಪಟ್ಟಿಯಲ್ಲಿ ಉಳಿದದ್ದು ಮೂರು.

ಬೆಂಗಳೂರಿಗೆ ಬಂದು ಅಳು ಬರುವಂತಾಗಿ ಹೇಳಿದಾಗ ಹಿರಿಯ ವಕೀಲೆ, “ಸೊನ್ನೆ ಇದ್ದದ್ದು ಮೂರಾಯ್ತಲ್ಲ. ಮೂರನ್ನು ಅಳಿಸೋದು ಅವ್ರಿಗೆ ಕಷ್ಟ” ಅಂದರು. ಸಮಾಧಾನವಾಯಿತು ಎಂದು ಹೇಳಲಾರೆ. ಐದು ಹಾಳೆ ವಾಪಸು ಕೊಟ್ಟದ್ದು ಸರಿಯೋ ತಪ್ಪೋ ಎಂದು ನಮ್ಮ ನಾಲ್ವರು ವಕೀಲರಲ್ಲೇ ಜಗಳವಾಯಿತು. ಒಬ್ಬರಂತೂ, ಮೊಕದ್ದಮೆ ದೊಡ್ಡದು, ಒಂದು ಮದುವೆ ಅಲ್ಲ ಅಂದರು. ಅವರಿಗೆ ಮಗಳಿರಲಿಲ್ಲ ಎಂದು ಹೇಳಿದರೆ ಅದು ಕೆಟ್ಟ ವಾದವಾಗುತ್ತದೆ. ಆದರೂ ಆ ಹೊತ್ತಿಗೆ ನನಗೆ ಹೊಳೆದದ್ದು ಅದೇ.

ಸೊನ್ನೆ ಮಾತ್ರ ಸುಲಭಕ್ಕೆ ಸಾಯುವುದಲ್ಲ, ವೇಷ ಬದಲಿಸುತ್ತದೆ. ಕಾಯ್ದೆಯಲ್ಲೇ ಒಂದು ಕಿಂಡಿಯಿದೆ. ನಿಗದಿತ ರಕ್ಷಣಾ ಸಾಧನ ಹಾಕಿಕೊಂಡು ಈ ಕೆಲಸ ಮಾಡಿದರೆ ಮಲ ಹೊರುವವರು ಎನ್ನಿಸಿಕೊಳ್ಳುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ ಮಲ ಹೊರುವ ಕೆಲಸದಿಂದ ಸಾವುಗಳ ವರದಿಯೇ ಇಲ್ಲ ಎಂದಿತು. ಗುಂಡಿಗೆ ಇಳಿದು ಸತ್ತವರು ‘ಅಪಾಯಕಾರಿ ಶುಚಿಕಾರ್ಯ’ ಎಂಬ ಬೇರೆ ಲೆಕ್ಕದವರಂತೆ. ‘ಅದು ಬೇರೆ, ಇದು ಬೇರೆ.’ ಟೀ ತರಿಸಿದ್ದ ಆ ನಿರೀಕ್ಷಕರ ದನಿಯೇ ಕೇಳಿದಂತಾಯಿತು. ಅದರ ಬೆನ್ನನ್ನೂ ಜನ ಬಿಡಲಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿ ಸಾವಿನ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು.

ಆ ಹೆಂಗಸು ಮತ್ತೆ ಸಿಕ್ಕಿದ್ದು ಮೂರು ವರ್ಷದ ನಂತರ, ಅದೇ ಊರಿನಲ್ಲಿ. ಬೇರೆ ಕೆಲಸಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ “ಮೇಡಂ” ಎಂದು ಕೂಗಿದಂತಾಗಿ ತಿರುಗಿದೆ. ಮಗಳ ಮದುವೆಯಾಗಿ ಮೊಮ್ಮಗು ಹುಟ್ಟಿತ್ತು. ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯ ಹಾಳೆ ತೆಗೆದರು. ಮಡಿಕೆಯ ಗೆರೆಗಳಲ್ಲಿ ಅಕ್ಷರ ಅಳಿಸಿಹೋಗಿತ್ತು, ಫೋಟೋ ಮಾತ್ರ ಹಾಗೇ ಇತ್ತು.

“ಇದ್ನ ಈಗ ತಗೋತಾರಾ?”

ಸಮೀಕ್ಷೆ ಮುಗಿದ ಮೇಲೂ ಯಾವಾಗ ಬೇಕಾದರೂ ಅರ್ಜಿ ಕೊಡಬಹುದೆಂದು ಕಾಯ್ದೆ ಹೇಳುತ್ತದೆ. ಹೊಸ ಹಾಳೆಯಲ್ಲಿ ಬರೆದೆ, ಹಳೆಯ ಫೋಟೋವನ್ನೇ ಬಿಡಿಸಿ ಅಂಟಿಸಿದೆ. ಇಬ್ಬರೂ ಪುರಸಭೆಗೆ ಹೋದೆವು. ಮುಖ್ಯಾಧಿಕಾರಿ ಬದಲಾಗಿದ್ದರು, ಟಪಾಲಿನ ಗುಮಾಸ್ತರು ಅವರೇ. “ಸಮೀಕ್ಷೆ ಮುಗೀತಲ್ಲಮ್ಮ” ಅಂದರು. ಕಾಯ್ದೆಯ ಪುಟ ತೋರಿಸಿದೆ. ಗೊಣಗಿಕೊಂಡು ನಮ್ಮ ಪ್ರತಿಯ ಮೇಲೆ ಸೀಲು ಒತ್ತಿದರು. ತಾರೀಖು ಮಸುಕಾಗಿತ್ತು. ಇನ್ನೊಮ್ಮೆ ಒತ್ತಿ ಎಂದು ನಾನು ಬಾಯಿ ತೆರೆಯುವ ಮೊದಲೇ ಅವರು ಕಾಗದವನ್ನು ಗುಮಾಸ್ತರ ಕಡೆ ತಳ್ಳಿ, “ಸರಿಯಾಗಿ ಬಿದ್ದಿಲ್ಲ ಸಾರ್” ಅಂದರು.